ನಮ್ಮ ಬಾವಿಯಲ್ಲಿ ನಮಗೇ ಅನುಮತಿ ಇಲ್ಲ

ನಿಪ್ಪಾಣಿಯಿಂದ ಶಿರಗುಪ್ಪಿ ಕಡೆಯ ಈ ಮನೆಗೆ ನಾನು ಸೊಸೆಯಾಗಿ ಬಂದು ಆಗ ಆರು ವರ್ಷವಾಗಿತ್ತು. ಆ ಆರು ವರ್ಷದಲ್ಲಿ ನನ್ನ ಕೈಗೆ ಹಿಟ್ಟಿನ ಡಬ್ಬಿ ಬಂದಿತ್ತು, ಬೀರುವಿನ ಚಾವಿ ಬಂದಿತ್ತು, ಅತ್ತೆಯ ಬೋರಮಾಳ ಸರವೂ ಬಂದಿತ್ತು. ಬಾವಿಯ ಮೋಟಾರಿನ ಚಾವಿ ಮಾತ್ರ ಬಂದಿರಲಿಲ್ಲ. ಬುತ್ತಿ ಹೊತ್ತು ಬಾವಿಯ ತನಕ ಹೋಗಬಹುದಿತ್ತು, ಪಂಪಿನ ಕೋಣೆಯ ಹೊಸ್ತಿಲ ಮೇಲೆ ಬುತ್ತಿ ಇಡಬಹುದಿತ್ತು, ಒಳಗಿನ ಕಬ್ಬಿಣದ ಸ್ಟಾರ್ಟರ್ ಪೆಟ್ಟಿಗೆಯನ್ನು ಕಣ್ಣಿನಿಂದ ನೋಡಬಹುದಿತ್ತು. ಮುಟ್ಟುವ ಹಾಗಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಯಾರೂ ಹೂಂ ಅಂದಿರಲೂ ಇಲ್ಲ. ನಾನು ಅಥಣಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ನೋಡಬಹುದು, ಮುಟ್ಟುವ ಹಾಗಿಲ್ಲ ಅನ್ನುವ ಅನುಮತಿಯನ್ನು ದಿನಾ ಹುಡುಗರಿಗೆ ನಾನೇ ಕೊಡುತ್ತೇನೆ. ಆದರೂ ನನಗೇ ಅದನ್ನು ಕೊಟ್ಟಾಗ ಮೈ ಉರಿಯುತ್ತಿತ್ತು.

ಬಾವಿ ಒಂದು, ಮಾಲಕರು ಇಬ್ಬರು. ಒಬ್ಬರು ನನ್ನ ಮಾವ, ಇನ್ನೊಬ್ಬರು ಅವರ ತಮ್ಮ. ಅವರನ್ನು ನಾವು ಕಾಕಾ ಅನ್ನುತ್ತೇವೆ. ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡು, ಮಗ್ಗುಲು ಮಗ್ಗುಲ ಬಾಗಿಲಲ್ಲಿ ಇದ್ದಾರೆ. ಹನ್ನೊಂದು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿಲ್ಲ. ಬದುವಿನ ಮೇಲಿದ್ದ ಒಂದು ಬಾರೆ ಗಿಡವನ್ನು ಯಾರೋ ಕಡಿದರು. ಯಾರು ಕಡಿದರು ಅನ್ನುವುದಕ್ಕೆ ಎರಡೂ ಬಾಗಿಲಲ್ಲಿ ಬೇರೆ ಬೇರೆ ಉತ್ತರ ಇದೆ. ಇಬ್ಬರ ತಾಯಿ, ಅಂದರೆ ಅಜ್ಜಿ, ಮುಂಜಾನೆ ಒಂದು ಕಡೆ ಉಂಡು ಸಂಜೆ ಇನ್ನೊಂದು ಕಡೆ ಉಣ್ಣುತ್ತಾಳೆ. ಎರಡೂ ಮನೆಯ ಯಾವ ಡಬ್ಬಿಯ ಮುಚ್ಚಳವನ್ನಾದರೂ ಕೇಳದೆ ತೆಗೆಯುವ ಹಕ್ಕು ಅವಳೊಬ್ಬಳಿಗೇ ಇದೆ.

ನೀರಿಗೆ ಪಾಳಿ ಇತ್ತು. ಮೂರು ದಿನ ಇವರದು, ಮೂರು ದಿನ ಅವರದು, ಮುಂಜಾನೆ ಎಂಟಕ್ಕೆ ಬದಲು. ಚಾವಿ ಕೈಯಿಂದ ಕೈಗೆ ಕೊಡಬೇಕೆಂದರೆ ಮುಖ ನೋಡಬೇಕಲ್ಲ, ಅದಕ್ಕೆ ಪಂಪಿನ ಕೋಣೆಯ ಗೋಡೆಯಲ್ಲಿದ್ದ ದೀಪದ ಗೂಡಿನಲ್ಲಿ ಇಟ್ಟು ಹೋಗುವ ರೂಢಿ. ಪಾಳಿ ಮುಗಿದವರು ಇಟ್ಟು, ದೊಡ್ಡದಾಗಿ ಕೆಮ್ಮಿ, ಹತ್ತು ನಿಮಿಷ ಮೊದಲೇ ಹೊರಡುವುದು. ಪಾಳಿ ಬಂದವರು ಹತ್ತು ನಿಮಿಷ ತಡವಾಗಿ ಬಂದು ಎತ್ತಿಕೊಳ್ಳುವುದು. ಚಾವಿಯ ಜೊತೆಗೆ ಬೇರೆ ಸಾಮಾನೂ ಇರುತ್ತಿತ್ತು. ಫ್ಯೂಜ್ ಸುಟ್ಟಿದ್ದರೆ ಸುಟ್ಟ ತಂತಿಯ ತುಣುಕು. ಬಾವಿಯಲ್ಲಿ ನೀರು ಇಳಿದಿದ್ದರೆ, ಎಷ್ಟು ಮೆಟ್ಟಿಲು ಕಾಣುತ್ತವೋ ಅಷ್ಟು ಗಂಟು ಹಾಕಿದ ದಾರ. ನನ್ನ ಮಗಳು ಹುಟ್ಟಿದ ವಾರ ಅಲ್ಲಿ ಕಾಗದದಲ್ಲಿ ಸುತ್ತಿದ ಐದು ಪೇಢೆ ಇದ್ದವಂತೆ. ಮಾವ ಅವನ್ನು ತಂದು, ಎಲ್ಲಿಯವು ಎಂದು ಹೇಳದೆ, ನನ್ನ ಹಾಸಿಗೆಯ ಪಕ್ಕ ಇಟ್ಟರು. ಇದನ್ನು ಅಜ್ಜಿ ಹೇಳಿದಾಗ ನಾನು ನಕ್ಕೆ. ಗಂಡಸರ ಹಟ, ಇರಲಿ ಅಂದುಕೊಂಡೆ.

ಮಾವನ ಮೊಣಕಾಲು ಹೋದ ಮೇಲೆ ಕತೆ ಶುರುವಾಯಿತು. ಬಾವಿ ಮನೆಯಿಂದ ಒಂದು ಮೈಲು. ಮೂರು ಫೇಸಿನ ಕರೆಂಟು ಬಂದಾಗ ಹೋಗಬೇಕು, ಹೋದಾಗ ಬರಬೇಕು, ಮತ್ತೆ ಬಂದಾಗ ಮತ್ತೆ ಹೋಗಬೇಕು. ಲ್ಯಾಬಿನಲ್ಲಿ ಕೆಲಸ ಮುಗಿಸಿ ಕೂತಿದ್ದ ಅಂಗೈ ಅಗಲದ ಒಂದು ಲಿನಕ್ಸ್ ಕಂಪ್ಯೂಟರನ್ನು ಪ್ರಿನ್ಸಿಪಾಲರನ್ನು ಕೇಳಿಯೇ ತಂದೆ. ಚಿಕ್ಕೋಡಿಯ ಅಂಗಡಿಯಿಂದ ಮೋಟಾರನ್ನು ಚಾಲೂ-ಬಂದ್ ಮಾಡುವ ಒಂದು ಪುಟ್ಟ ಫಲಕ ತರಿಸಿದೆ. ಎರಡನ್ನೂ ಯುಎಸ್‌ಬಿ ತಂತಿಯಿಂದ ಕೂಡಿಸಿ ಪಂಪಿನ ಕೋಣೆಯಲ್ಲಿಟ್ಟರೆ, ಮನೆಯ ಕಟ್ಟೆಯ ಮೇಲೆ ಕೂತು ಫೋನಿನಿಂದ ಮೋಟಾರು ನಡೆಸಬಹುದು ಎಂದು ಮಾವನಿಗೆ ಹೇಳಿದೆ.

"ನನ್ನ ಪಾಳ್ಯಾಗ ನಂದ ನಡೀಬೇಕು, ಅವನ ಪಾಳ್ಯಾಗ ಅವಂದ" ಅಂದರು ಮಾವ. "ಅವನ ಪಾಳ್ಯಾಗ ನನ್ನ ಬೆರಳಿಗೆ ಚಾಲೂ ಆತಂದ್ರ ನನಗ ಪಾಪ ಹತ್ತತೈತಿ."

ಕಾಕಾ ಕೂಡ ಅಜ್ಜಿಯ ಮುಂದೆ ಇದೇ ಮಾತು ಹೇಳಿ ಕಳಿಸಿದರು. ಅಣ್ಣತಮ್ಮ ಇಷ್ಟು ಒಂದೇ ಮಾತಿನವರೆಂದು ನನಗೆ ಅವತ್ತೇ ಗೊತ್ತಾಗಿದ್ದು.

ಕಂಪ್ಯೂಟರಿನಲ್ಲಿ ಇಬ್ಬರಿಗೂ ಒಂದೊಂದು ಖಾತೆ ತೆರೆದೆ. ಒಂದಕ್ಕೆ ಹಿರಿ, ಒಂದಕ್ಕೆ ಕಿರಿ ಎಂದು ಹೆಸರು. ಯಾರ ಫೋನಿನ ಗುಂಡಿ ಒತ್ತಿದರೆ ಅವರ ಹೆಸರಿನಲ್ಲೇ ಹುಕುಂ ಹೋಗಬೇಕು. ಪೆಟ್ಟಿಗೆಯ ಬೀಗ ತಂತಿಗೆ ಅಡ್ಡ ಬರುತ್ತಿತ್ತು, ತೆಗೆದು ಮೂಲೆಗೆ ಎಸೆದೆ. ಚಾವಿ ಗೂಡಿನಲ್ಲೇ ಉಳಿಯಿತು. ಪೆಟ್ಟಿಗೆಯ ಹಸಿರು ಗುಂಡಿ ಕೈಯಿಂದ ಒತ್ತಿದರೂ ಮೋಟಾರು ನಡೆಯುವಂತೆ ಬಿಟ್ಟೆ, ಯಾಕೆಂದರೆ ನನ್ನ ವಿದ್ಯೆಯ ಮೇಲೆ ನನಗೆ ಅಷ್ಟು ಭರವಸೆ ಇರಲಿಲ್ಲ.

ಮೊದಲ ದಿನ ಮಾವ ಓಣಿಯ ನಾಲ್ಕು ಜನರನ್ನು ಕಟ್ಟೆಗೆ ಕರೆದು, ಟೋಪಿ ಸರಿ ಮಾಡಿಕೊಂಡು, ಗುಂಡಿ ಒತ್ತಿದರು. ಫೋನಿನಲ್ಲಿ 'ಅನುಮತಿ ಇಲ್ಲ' ಎಂದು ಬಂತು. ಆ ಸಾಲನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ, ಎಲ್ಲರಿಗೂ ತಿಳಿಯಲಿ ಅಂತ. ತಿಳಿಯಿತು.

"ನನ್ನ ಬಾವ್ಯಾಗ ನನಗ ಅನುಮತಿ ಇಲ್ಲಂತ ಯಾವ ಅಂದವ?" ಅಂದರು ಮಾವ. ಕಣ್ಣು ಪಕ್ಕದ ಬಾಗಿಲ ಕಡೆ ಹೋಗಿತ್ತು.

"ಕಾಕಾ ಅಲ್ರಿ ಮಾವಾರ, ರೂಟ್ ಅಂದಾನ್ರಿ."

"ಅವ ಯಾರ? ಯಾ ಊರವ?"

ಹೇಳಿದೆ. ಈ ಯಂತ್ರಗಳಲ್ಲಿ ಪ್ರತಿ ಸಾಧನವೂ ಒಂದು ಫೈಲು. ಡೆವ್ ಅನ್ನುವ ಒಂದು ಫೋಲ್ಡರಿನಲ್ಲಿ ಅದರ ಹೆಸರು ಇರುತ್ತದೆ. ನಮ್ಮ ಮೋಟಾರಿನ ಫಲಕವೂ ಅಲ್ಲಿ ಒಂದು ಫೈಲಾಗಿ ಕೂತಿದೆ. ಪ್ರತಿ ಫೈಲಿಗೂ ಒಬ್ಬ ಮಾಲಕ, ಒಂದು ಗುಂಪು, ಉಳಿದದ್ದೆಲ್ಲ ಹೊರಗಿನವರು. ಮೂವರಿಗೂ ಓದಲು ಬೇರೆ, ಬರೆಯಲು ಬೇರೆ ಅನುಮತಿ. ಹೊಸ ಸಾಧನ ಬಂದರೆ ಅದರ ಮಾಲಕ ರೂಟ್ ಅನ್ನುವವನೇ. ಅವನು ಎಲ್ಲದರ ಮಾಲಕ, ಅವನಿಗೆ ಯಾರ ಅನುಮತಿಯೂ ಬೇಕಿಲ್ಲ.

ಮಾವ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಅಂದ್ರ ಉತಾರ ಇದ್ದಂಗ. ರೂಟ್ ಅಂದ್ರ ನಮ್ಮವ್ವ."

ನಾನು ಮೂರು ವರ್ಷ ಕಾಲೇಜಿನ ಹುಡುಗರಿಗೆ ಕಲಿಸಲಾಗದ್ದನ್ನು ಹೊಲದ ಉತಾರ, ಅಂದರೆ ಪಹಣಿ, ನೋಡಿ ಬೆಳೆದ ಮನುಷ್ಯ ಮೂರು ನಿಮಿಷದಲ್ಲಿ ಹಿಡಿದರು.

ಆದರೆ ಕಟ್ಟೆಯ ಮೇಲೆ ನಾಲ್ಕು ಜನ ನಗುತ್ತ ಕೂತಿದ್ದಾರೆ, ನನ್ನ ಮುಖ ಕೆಂಪಾಗಿದೆ. ಹಾಗಾದಾಗ ಲ್ಯಾಬಿನ ಹುಡುಗರು ಏನು ಮಾಡುತ್ತಾರೋ, ಯಾವುದಕ್ಕೆ ನಾನು ಅವರ ಅಂಕ ಕಡಿಮೆ ಮಾಡುತ್ತೇನೋ, ಅದನ್ನೇ ಮಾಡಿದೆ. ಸಿಎಚ್‌ಮಾಡ್ ಎಂಬ ಹುಕುಮಿಗೆ ಮೂರು ಆರು ಕೊಟ್ಟೆ. ಅಂದರೆ ಮಾಲಕ, ಗುಂಪು, ಹೊರಗಿನವರು, ಎಲ್ಲರಿಗೂ ಎಲ್ಲ ಅನುಮತಿ. ಮೋಟಾರು ಚಾಲೂ ಆಯಿತು. ಮಾವ ಅವತ್ತು ಅದನ್ನು ಚಾಲೂ ಮಾಡಿ ಬಂದ್ ಮಾಡಿ ತೋರಿಸಿದ್ದಕ್ಕೆ ಲೆಕ್ಕವಿಲ್ಲ.

ಪಾಳಿ ಕಾಕಾನಿಗೆ ಹೋದ ದಿನ ಮಧ್ಯಾಹ್ನ ಕಾಕಾ ತಮ್ಮ ಕಟ್ಟೆಯಿಂದ ಒತ್ತಿದರು, ಚಾಲೂ ಆಯಿತು. ಮಾವ ನಮ್ಮ ಕಟ್ಟೆಯಿಂದ, "ನಂದೂ ನಡೀತೈತೇನ ನೋಡೂಣು" ಎಂದು ಒತ್ತಿದರು, ಬಂದ್ ಆಯಿತು. ಕಾಕಾ ಮತ್ತೆ ಒತ್ತಿದರು. ಪಾಪ ಹತ್ತುತ್ತದೆ ಅಂದಿದ್ದ ಮಾವ ಮತ್ತೆ ಒತ್ತಿದರು. ಅರ್ಧ ಗಂಟೆ ಇಬ್ಬರೂ ಎದುರು ಗೋಡೆ ನೋಡುತ್ತ ಹೆಬ್ಬೆರಳಿನಲ್ಲೇ ಜಗಳವಾಡಿದರು. ಬಾವಿಯ ಹತ್ತಿರ ಕಬ್ಬಿನ ಒಣಗರಿ ರವದಿ ಸುಲಿಯುತ್ತಿದ್ದ ಹೆಣ್ಣಾಳುಗಳು, ಮೋಟಾರಿಗೆ ಗಾಳಿ ಸೋಕಿದೆ ಎಂದು ಕೆಲಸ ಬಿಟ್ಟು ಬಂದರು.

"ಎಲ್ಲಾರಿಗೂ ಹಕ್ಕ ಕೊಟ್ಟಿ ಅಂದ್ರ ಯಾರಿಗೂ ಕೊಡಲಿಲ್ಲಂಗ ಆತು" ಅಂದಳು ಅಜ್ಜಿ ನನಗೆ. "ಪಾಳಿ ಯಾರದೋ ಅವರಿಗಷ್ಟ ಕೊಡ."

ಕೊಟ್ಟೆ. ಈ ಸಲ ಶಿಸ್ತಿನಿಂದ. ಆ ಫೈಲಿನ ಮಾಲಕತ್ವವನ್ನೇ ಪಾಳಿಯಂತೆ ಬದಲಿಸುವುದು: ಮೂರು ದಿನ ಹಿರಿ ಮಾಲಕ, ಮೂರು ದಿನ ಕಿರಿ ಮಾಲಕ, ಬೇರೆ ಯಾರಿಗೂ ಏನೂ ಇಲ್ಲ. ಎಂಟು ಗಂಟೆಗೆ ತಾನಾಗಿಯೇ ಬದಲಾಗುವಂತೆ ಬರೆದೆ. ಸೊಗಸಾಗಿ ನಡೆಯಿತು, ಕರೆಂಟು ಹೋಗುವ ತನಕ. ನಮ್ಮ ಕಡೆ ಕರೆಂಟು ಹೋಗುತ್ತದೆ, ಬರುತ್ತದೆ, ಹೋದದ್ದನ್ನು ನೋಡಲು ಮತ್ತೆ ಹೋಗುತ್ತದೆ. ಪ್ರತಿ ಸಲ ಕಂಪ್ಯೂಟರು ಹೊಸದಾಗಿ ಎದ್ದಾಗ ಆ ಫೈಲು ಹೊಸದಾಗಿ ಹುಟ್ಟುತ್ತದೆ, ಹುಟ್ಟುವಾಗ ಮತ್ತೆ ರೂಟಿನ ಮಗುವಾಗಿಯೇ ಹುಟ್ಟುತ್ತದೆ. ನಾನು ಕೊಟ್ಟ ಅನುಮತಿಯೆಲ್ಲ ನೀರಲ್ಲಿ ಹೋಮ. ಫೋನಿನಲ್ಲಿ ಮತ್ತೆ ಅದೇ ಎರಡು ಶಬ್ದ.

ಅದಕ್ಕೂ ಮದ್ದಿದೆ. ಸಾಧನ ಹುಟ್ಟುವಾಗಲೇ ಅದರ ಮಾಲಕ ಯಾರೆಂದು ಒಂದು ನಿಯಮದ ಫೈಲಿನಲ್ಲಿ ಬರೆದಿಡುವುದು. ಒಂದು ರವಿವಾರ ಮಾವನ ಜೊತೆ ಪಂಪಿನ ಕೋಣೆಗೆ ಹೋಗಿ ಬರೆಯಲು ಕೂತೆ. ಮಾವ ಬೆನ್ನ ಹಿಂದೆ ಚಹಾದ ಬಸಿ ಹಿಡಿದು ನಿಂತಿದ್ದರು. "ಬರೋಬರಿ ಬರ್ಯಾಕತ್ತೀಯಿಲ್ಲೋ?" ಎಂದು ಎರಡು ಸಲ ಕೇಳಿದರು. ಮಾಲಕ ಎನ್ನುವಲ್ಲಿ ಏನು ಬರೆಯಬೇಕಿತ್ತು ಎಂದು ಈಗ ಯಾರಾದರೂ ಕೇಳಿದರೆ, ಆ ದಿನ ಪಾಳಿ ಯಾರದೋ ಅವರ ಹೆಸರು ಎಂದು ನಿದ್ದೆಯಲ್ಲೂ ಹೇಳುತ್ತೇನೆ. ಆವತ್ತು ಸೊಸೆಯ ಕೈ ತಾನಾಗಿಯೇ ಹಿರಿ ಎಂದು ಒತ್ತಿತು. ಪರೀಕ್ಷೆಗೆ ಇರಲಿ, ಆಮೇಲೆ ತಿದ್ದುತ್ತೇನೆ ಅಂದುಕೊಂಡೆ. ಮೋಟಾರು ನಡೆಯಿತು, ಮಾವ ಬಸಿಯಲ್ಲಿದ್ದ ಚಹಾದಲ್ಲಿ ಅರ್ಧ ನನಗೆ ಕೊಟ್ಟರು, ಆ ಖುಷಿಯಲ್ಲಿ ತಿದ್ದುವುದು ಮರೆತುಹೋಯಿತು.

ಆಮೇಲೆ ಕೆಲವು ವಾರ ನಾನು ಮನೆಯ ದೇವರು. ಮಾವ ಬಾವಿಗೆ ಕಾಲಿಡಲಿಲ್ಲ, ಮೊಣಕಾಲಿನ ಬಾವು ಇಳಿಯಿತು. ನನ್ನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಜೊತೆಯವರಿಗೆಲ್ಲ ಹೆಂಡತಿಯ ಸುದ್ದಿ ಹೇಳಿ ಬಂದರು.

ಅಷ್ಟರಲ್ಲಿ ಕಾಕಾನ ಮಗಳಿಗೆ ಹಾರೂಗೇರಿಯ ಸಂಬಂಧ ಗೊತ್ತಾಯಿತು. ಗುರುವಾರ ಸಾಕರಪುಡಾ, ಅಂದರೆ ಸಕ್ಕರೆ ಪೊಟ್ಟಣ ಕೊಟ್ಟು ಮದುವೆ ಗಟ್ಟಿ ಮಾಡುವ ಶಾಸ್ತ್ರ. ವರನ ಕಡೆಯವರು ತಂದ ಪೊಟ್ಟಣವನ್ನು ಈ ಮನೆಯ ಹಿರಿಯನೇ ಇಸಿದುಕೊಳ್ಳಬೇಕು. ಆ ಹುಡುಗಿ ಮಾವನ ಹೆಗಲ ಮೇಲೆ ಬೆಳೆದವಳು, ಸೈಕಲ್ ಕಲಿತದ್ದು ಇವರ ಕೈಯಲ್ಲೇ. ಮಾವ ಶೇಡಬಾಳಕ್ಕೆ ಹೋಗಿ ಹೊಸ ಧೋತರ ತಂದು ಇಸ್ತ್ರಿ ಮಾಡಿಸಿ ಇಟ್ಟಿದ್ದರು. ಕರೆ ಮಾತ್ರ ಬರಲಿಲ್ಲ.

"ಕರೀದ ಹೆಂಗ ಹೋಗೂದು?" ಅಂದರು ಮಾವ. ಹುಡುಗಿಯೇ ಬಂದು ದೊಡ್ಡಪ್ಪಾ ಬಾ ಅಂದಳು. "ನೀ ಕರಿಯೂದ ಬ್ಯಾರೆ ತಂಗಿ, ನಿಮ್ಮಪ್ಪ ಕರಿಯೂದ ಬ್ಯಾರೆ" ಅಂದು ತಲೆ ಸವರಿ ಕಳಿಸಿದರು.

ಹಿತ್ತಲ ಗೋಡೆಯ ಆಚೆಯಿಂದ ಕಾಕಾನ ಹೆಂಡತಿ ಅತ್ತೆಗೆ ಹೇಳಿದರಂತೆ, ನಮ್ಮವರು ಕರೆಯುವುದು ಕರೆದಿದ್ದಾರೆ, ನಿಮ್ಮವರೇ ಮಾತಿಲ್ಲ ಕತೆಯಿಲ್ಲ ಅಂತ. ಮಾವ ಇದನ್ನು ಕೇಳಿ ಊಟ ಅರ್ಧಕ್ಕೆ ಬಿಟ್ಟರು. ಅಜ್ಜಿಯ ಕಾಲು ಹಿಡಿದೆ, ನೀನಾದರೂ ಕರಿ ಎಂದು. "ನಾ ಕರದ್ರ ಅದು ನನ್ನ ಕರೆ ಆಕ್ಕೈತಿ, ಅವಂದ ಆಗೂದಿಲ್ಲ" ಅಂದಳು. ರೂಟಿಗೂ ಆಗದ ಕೆಲಸವಿದೆ ಎಂದು ಅವತ್ತು ತಿಳಿಯಿತು. ಹೋಗುವ ಮೊದಲು ಇನ್ನೊಂದು ಮಾತು ಕೇಳಿದಳು: "ಅದಿರಲಿ, ಫೋನಿನ್ಯಾಗ ನೀರ ಬಿಡಬೇಕಂದ್ರ ಸಣ್ಣಾವ ದಿನಾ ಬಾವೀಗೆ ಯಾಕ ನಡಕೋತ ಹೊಂಟಾನ?"

ಆ ರಾತ್ರಿ ನಿದ್ದೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ರಜೆ ಹಾಕಿ ಮನೆಯಿಂದಲೇ ಕಂಪ್ಯೂಟರಿನ ದಾಖಲೆ ತೆಗೆದು ನೋಡಿದೆ. ಕಿರಿ, ಅನುಮತಿ ಇಲ್ಲ. ಕಿರಿ, ಅನುಮತಿ ಇಲ್ಲ. ಸಾಲಿನ ಕೆಳಗೆ ಸಾಲು, ಎಲ್ಲವೂ ಕಾಕಾನ ಪಾಳಿಯ ದಿನಗಳೇ. ಕರೆಂಟು ಹೋಗಿ ಬಂದಾಗಲೆಲ್ಲ ನನ್ನ ನಿಯಮ ಬಾವಿಯನ್ನು ಮಾವನ ಹೆಸರಿಗೆ ಬರೆದುಕೊಡುತ್ತಿತ್ತು. ಬೇರೆಯವರ ಪಾಳಿಯಲ್ಲಿ ಮಾವ ಒತ್ತಿ ನೋಡಿರಲಿಲ್ಲ, ಹಾಗಾಗಿ ಗೊತ್ತೇ ಆಗಿರಲಿಲ್ಲ. ಕಾಕಾ ಒಂದು ಮಾತು ಆಡದೆ ಪ್ರತಿ ಸಲ ಒಂದು ಮೈಲು ನಡೆದು ಹೋಗಿ ಹಸಿರು ಗುಂಡಿ ಒತ್ತಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

ತಿದ್ದಲು ಸ್ಕೂಟಿ ಹತ್ತಿ ಬಾವಿಗೆ ಹೋದೆ. ಪಂಪಿನ ಕೋಣೆಯಲ್ಲಿ ಕಣ್ಣು ಗೂಡಿನ ಕಡೆ ಹೋಯಿತು. ಚಾವಿ ಅಲ್ಲೇ ಇತ್ತು. ಅದರ ಕೆಳಗೆ ಐದು ಎಲೆ, ಒಣಗಿ ಸುರುಳಿಯಾಗಿದ್ದವು. ಎರಡು ಅಡಿಕೆ. ಅರಿಷಿಣ ಹಚ್ಚಿದ ಅಕ್ಕಿಕಾಳು. ಸಕ್ಕರೆ ಕಟ್ಟಿದ್ದ ಕಾಗದ, ಒಳಗೆ ಇರುವೆಗಳ ಸಾಲು ಮಾತ್ರ.

ಕಾಕಾ ಕರೆದಿದ್ದರು. ಹನ್ನೊಂದು ವರ್ಷದಿಂದ ಎಲ್ಲವನ್ನೂ ಎಲ್ಲಿ ಹೇಳುತ್ತಿದ್ದರೋ ಅಲ್ಲೇ ಹೇಳಿದ್ದರು. ಓದಬೇಕಾದವರನ್ನು ಬರದಂತೆ ಮಾಡಿದವಳು ನಾನು. ಗೂಡನ್ನು ನೋಡಿ ನಕ್ಕವಳು ಕೂಡ ನಾನೇ. ಅಲ್ಲೇ ಕೂತು ಸ್ವಲ್ಪ ಅತ್ತುಬಿಟ್ಟೆ.

ಎಲೆ ಅಡಿಕೆ ಎತ್ತಿಕೊಂಡು ಹೋಗಿ ಮಾವನ ಮುಂದೆ ಇಡಬಹುದಿತ್ತು. ಆದರೆ ಗೂಡಿನಲ್ಲಿ ಇಟ್ಟದ್ದನ್ನು ಪಾಳಿಯವರೇ ಎತ್ತಬೇಕು. ನಾನು ತಂದರೆ ಅದು ಅಜ್ಜಿ ಅಂದ ಹಾಗೆ ನನ್ನ ಕರೆ ಆಗುತ್ತಿತ್ತು. ನಿಯಮ ತಿದ್ದಿದೆ. ಬುಧವಾರ ಎಂಟಕ್ಕೆ ಪಾಳಿ ಮಾವನಿಗೆ ಬರುವುದಿತ್ತು. ಆ ಬೆಳಿಗ್ಗೆ ಇನ್ನೊಂದು ಹುಕುಂ ಕೊಟ್ಟೆ: ಮೂರು ಸೊನ್ನೆ. ಮಾಲಕನಿಗಿಲ್ಲ, ಗುಂಪಿಗಿಲ್ಲ, ಯಾರಿಗೂ ಇಲ್ಲ. ಹಾಗೆ ಬೀಗ ಹಾಕಿದರೂ ರೂಟಿಗೆ ತಡೆಯಿಲ್ಲ, ಆದರೆ ಆ ಹೊತ್ತಿಗೆ ರೂಟ್ ಆಗಿದ್ದ ನಾನು ಅಡಿಗೆಮನೆಯಲ್ಲಿ ಏನೂ ಅರಿಯದವಳಂತೆ ರೊಟ್ಟಿ ಬಡಿಯುತ್ತಿದ್ದೆ.

"ಏ, ನಿನ್ನ ರೂಟ್ ಮತ್ತ ಬ್ಯಾಡ ಅನ್ನಾಕತ್ತಾನ" ಎಂದು ಮಾವ ಕೂಗಿದರು.

"ಕೈಲೆ ಒತ್ತಬೇಕ್ರಿ ಮಾವಾರ. ಬರ್ರಿ, ಸ್ಕೂಟಿ ಮ್ಯಾಲ ಬಿಡ್ತೀನಿ."

ಹತ್ತು ನಿಮಿಷದ ಅಂತರದ ಲೆಕ್ಕವೆಲ್ಲ ಕಾಲ್ನಡಿಗೆಯದು. ಸ್ಕೂಟಿಗೆ ಅದು ಗೊತ್ತಿರಲಿಲ್ಲ. ಮೇಲಾಗಿ ಇಷ್ಟು ದಿನ ಪಾಳಿ ಬದಲಾದರೂ ಯಾರೂ ಎದುರಾಗುತ್ತಿರಲಿಲ್ಲವಾದ್ದರಿಂದ ಕಾಕಾ ನಿಶ್ಚಿಂತೆಯಿಂದ ಬಾವಿಯ ದಂಡೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಅಣ್ಣನನ್ನು ನೋಡಿ ಮುಖವನ್ನು ಬಾವಿಯ ಕಡೆ ತಿರುಗಿಸಿದರು. ಮಾವ ಬೇರೆ ಕಡೆ ನೋಡುತ್ತ ಕೋಣೆಯ ಒಳಗೆ ಹೋದರು. ಮೋಟಾರಿನ ಸದ್ದು ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ. ನಾನು ಸ್ಕೂಟಿಯ ಹತ್ತಿರವೇ ನಿಂತಿದ್ದೆ.

ಮಾವ ಒಂದು ಒಣ ಎಲೆ ಹಿಡಿದು ಬಾಗಿಲಿಗೆ ಬಂದರು. "ಎಲಿ ಒಣಗ್ಯಾವ" ಅಂದರು ಎಲೆಗೆ.

"ಎಂಟ ದಿನ ಆತು. ಒಣಗದ ಏನ ಮಾಡ್ತಾವ" ಅಂದರು ಕಾಕಾ ಬಾವಿಗೆ.

"ಸಕ್ರಿ ಇರಬಿ ಒಯ್ದಾವ."

"ಎರಡ ಸರ್ತಿ ತುಂಬಿಟ್ಟೆ."

ಫೋನು ಬಂದ ಮೇಲೆ ಎಷ್ಟೋ ವಾರದಿಂದ ಅಲ್ಲಿಗೆ ಬಂದೇ ಇಲ್ಲವೆಂದು ಮಾವ ಎಲೆಗೆ ಹೇಳಿದರು. ಫೋನು ಎಲ್ಲರದೂ ಕೆಟ್ಟಿದೆ, ಅಣ್ಣನೂ ನಡೆದೇ ಬರುತ್ತಾನೆ ಎಂದು ತಿಳಿದಿದ್ದೆ ಎಂದು ಕಾಕಾ ಬಾವಿಗೆ ಹೇಳಿದರು. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಎಲ್ಲ ಒಪ್ಪಿಕೊಂಡೆ, ಹಿರಿ ಎಂದು ಬರೆದದ್ದೂ, ಮೂರು ಸೊನ್ನೆಯೂ. ಹನ್ನೊಂದು ವರ್ಷದ ನಂತರ ಅಣ್ಣತಮ್ಮ ಕೂಡಿ ಮಾಡಿದ ಮೊದಲ ಕೆಲಸ ನನ್ನನ್ನು ಬೈದದ್ದು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು ಬೈದರು. ನಿಪ್ಪಾಣಿಯನ್ನೂ ಸೇರಿಸಿಯೇ ಬೈದರು.

ಬೈದು ದಣಿದ ಮೇಲೆ ಮಾವ ಗೂಡಿನಿಂದ ಒಂದು ಅಡಿಕೆ ತೆಗೆದು ಧೋತರದ ತುದಿಗೆ ಒರೆಸಿ ಬಾಯಿಗೆ ಹಾಕಿಕೊಂಡರು. "ಅಡಿಕೀಗೆ ಏನೂ ಆಗಿಲ್ಲ" ಅಂದರು. ಗುರುವಾರ ಸಕ್ಕರೆ ಪೊಟ್ಟಣ ಇಸಿದುಕೊಂಡದ್ದು ಮಾವನೇ.

ಅಷ್ಟಾದ ಮೇಲೆ ಅವರು ಕಟ್ಟೆಯ ಮೇಲೆ ಕೂತು ಹರಟುತ್ತಾರೆ ಎಂದುಕೊಳ್ಳಬೇಡಿ. ಮನೆಯಲ್ಲಿ ಈಗಲೂ ಮಾತಿಲ್ಲ, ಬಾರೆ ಗಿಡ ಕಡಿದವರು ಈಗಲೂ ಎರಡು ಜನ. ಬಾವಿಯ ಹತ್ತಿರ ಮಾತ್ರ ಎಲೆಗೆ, ಬಾವಿಗೆ, ಸ್ಕೂಟಿಗೆ ಹೇಳುವ ನೆಪದಲ್ಲಿ ಆಡುತ್ತಾರೆ. ಫೋನಿನಲ್ಲೇ ಮೋಟಾರು ನಡೆಯುತ್ತದೆ, ಆದರೆ ಪಾಳಿ ತಾನಾಗಿ ಬದಲಾಗುವುದನ್ನು ನಾನು ತೆಗೆದುಹಾಕಿದೆ. ಮೂರು ದಿನಕ್ಕೊಮ್ಮೆ ಚಾವಿ ಗೂಡಿಗೆ ಬರಬೇಕು, ಗೂಡಿನಿಂದ ಎತ್ತಬೇಕು, ಎತ್ತಿದ ಮೇಲೆಯೇ ಮಾಲಕತ್ವ ಬದಲಿಸುತ್ತೇನೆ. ಬೀಗ ಮೂಲೆಯಲ್ಲಿ ತುಕ್ಕು ಹಿಡಿದಿದೆ. ಆ ಚಾವಿ ಈಗ ಏನನ್ನೂ ತೆರೆಯುವುದಿಲ್ಲ.

ಮೊನ್ನೆ ಪಾಳಿಯ ಬೆಳಿಗ್ಗೆ ಮಾವನ ಮೊಣಕಾಲು ಮತ್ತೆ ಬಾತಿತ್ತು. ಸ್ಕೂಟಿ ಹತ್ತಲೂ ಆಗಲಿಲ್ಲ. "ಇವತ್ತ ನೀನ ಹೋಗಿ ಚಾವಿ ತಗೊಂಡ ಬಾ" ಅಂದರು, ಹಾಲು ತಗೊಂಡ ಬಾ ಅನ್ನುವ ದನಿಯಲ್ಲೇ. ಅಜ್ಜಿ ಕೇಳಿಸಿಕೊಂಡು ಹೂಂ ಅಂದಳು. ಆರು ವರ್ಷ ಕಾದ ಚಾವಿ, ತೆರೆಯಲು ಏನೂ ಇಲ್ಲದ ಮೇಲೆ ನನ್ನ ಪಾಲಿಗೆ ಬಂತು. ಆದರೂ ದಾರಿಯುದ್ದಕ್ಕೂ ಕಣ್ಣು ಮಂಜಾಗಿದ್ದವು, ಸುಳ್ಳು ಯಾಕೆ ಹೇಳಲಿ.

ಗೂಡಿನಲ್ಲಿ ಚಾವಿ ಇತ್ತು. ಅದರ ಪಕ್ಕ ಕಾಕಾನ ಫೋನು. ಮುಟ್ಟಿದೆ, ಬೆಳಕಾಯಿತು: ಅನುಮತಿ ಇಲ್ಲ. ಮತ್ತೆಲ್ಲೋ ತಪ್ಪಿದ್ದೆ. ಫೋನಿನ ಮೇಲೆ ಕಾಗದದಲ್ಲಿ ಸುತ್ತಿದ ಎರಡು ಪೇಢೆ ಇದ್ದವು, ಮಾವನಿಗೆ ಸಿಹಿ ನಿಷೇಧವಾಗಿ ವರ್ಷವಾಗಿದೆ ಎಂದು ಕಾಕಾನಿಗೆ ಚೆನ್ನಾಗಿ ಗೊತ್ತು.

ಗೂಡಿನಲ್ಲಿ ಈ ಸಲ ಇಟ್ಟದ್ದು ನನಗೆ. ಒಂದು ಪೇಢೆ ಬಾಯಿಗೆ ಹಾಕಿಕೊಂಡು, ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದೆ.